ಚಿಕ್ಕಮ್ಮ ಕಾಶಿಯಲ್ಲಿ ಬಿಟ್ಟದ್ದು

ಗೆಳೆಯರೇ, ನಾನಿರೋ ಈ ಕಾಶಿಯಲ್ಲಿ ಕನ್ನಡ ಪುಸ್ತಕದ ಅಂಗಡಿ ಇಲ್ಲ. ಹಾಗಾಗಿ ಕೊಳ್ಳಬೇಕಾದ, ಓದಬೇಕಾದ ಪುಸ್ತಕಗಳ ಪಟ್ಟಿ ಇಟ್ಟುಕೊಂಡು, ಕಾಶಿಯಾತ್ರೆಗೆ ಹೊರಟ ನೆಂಟರಿಗೆಲ್ಲ ಫೋನಲ್ಲಿ ಓದಿ ಹೇಳ್ತೀನಿ. ಅವರು ಚಟ್ನಿಪುಡಿ ತರ್ತಾರೆ.

ಇವತ್ತು ಮೈಸೂರಿಂದ ಬಂದ ಚಿಕ್ಕಮ್ಮನ ಚೀಲದಲ್ಲಿ ಚಟ್ನಿಪುಡಿಯ ಕೆಳಗೊಂದು ಕಾದಂಬರಿ! ನನ್ನ ಪಟ್ಟಿಯ ಮೊದಲನೆಯದೇ. ಕೈ ಹಾಕಿದೆ.

"ಮುಟ್ಟಬೇಡ ಕಣೇ, ರೈಲಲ್ಲಿ ಅರ್ಧ ಓದಿದೀನಿ" ಅಂದ್ರು.

ಕೇದಾರ ಘಾಟಿನಲ್ಲಿ ಸ್ನಾನ ಆದಮೇಲೆ ಪುರೋಹಿತರು, "ಇಷ್ಟವಾದದ್ದು ಏನಾದರೂ ಒಂದು ಇಲ್ಲಿ ಬಿಡಬೇಕಮ್ಮ" ಅಂದರು. ಬಂದವರೆಲ್ಲ ಎಂದೂ ತಿನ್ನದ ಹಾಗಲಕಾಯಿ ಬಿಟ್ಟು ಪಾರಾಗ್ತಾರೆ. ನಮ್ಮ ಚಿಕ್ಕಮ್ಮ ಗಂಗೆಯನ್ನೇ ನೋಡುತ್ತಾ ನಿಂತು, "ಕಾದಂಬರಿ ಓದೋದು ಬಿಟ್ಟೆ" ಅಂದುಬಿಟ್ಟರು!

ಮನೆಗೆ ಬಂದು ಪುಸ್ತಕ ನನ್ನ ಕೈಗಿಟ್ಟರು. ಅರ್ಧಕ್ಕೆ ಮಡಚಿಟ್ಟ ಪುಟದ ಮೇಲಿಂದ ಬೆರಳು ಮಾತ್ರ ತೆಗೀಲಿಲ್ಲ. ನನಗೆ ಖುಷಿ ಪಡೋಕೂ ಆಗಲಿಲ್ಲ.

ಸಂಜೆ ಮೊದಲ ಪುಟ ತೆರೆದು ಕೂತೆ. ಚಿಕ್ಕಮ್ಮ ಮೆಲ್ಲಗೆ ಪಕ್ಕಕ್ಕೆ ಬಂದರು.

"ಗಟ್ಟಿಯಾಗಿ ಓದೇ. ಓದೋದು ಬಿಟ್ಟಿದೀನಿ, ಕೇಳೋದು ಬಿಟ್ಟಿಲ್ಲ."

ಶುರು ಮಾಡಿದೆ. "ಅಯ್ಯೋ, ಅದೆಲ್ಲ ಗೊತ್ತು. ನಾನು ನಿಲ್ಲಿಸಿದ ಕಡೆಯಿಂದ ಓದು!"

ಇಷ್ಟು ವರ್ಷ ಹಂಬಲಿಸಿದ ಕಾದಂಬರಿಯನ್ನು ಈಗ ಮಧ್ಯದಿಂದ ಓದ್ತಾ ಇದೀನಿ. ಮೊದಲರ್ಧ ಇನ್ನೂ ಪಟ್ಟಿಯಲ್ಲೇ ಇದೆ.