ಅಪ್ಪನ ಚಿಲಿ, ಅಜ್ಜಿಯ ಮೂಗು

ಕಾಫಿ ಡಿಕಾಕ್ಷನ್ನು, ಈರುಳ್ಳಿ, ಜೀರಿಗೆ, ಟೊಮೆಟೊ, ಬೆಲ್ಲ ಎಲ್ಲಾ ಒಂದೇ ಪಾತ್ರೇಲಿ ಕುದಿಯೋ ವಾಸನೆ ನಿಮಗೆ ಗೊತ್ತಿರೋ ಚಾನ್ಸೇ ಇಲ್ಲ. ಗೊತ್ತಿದ್ರೆ, ನೀವು ಏಪೆಕ್ಸ್ ಅನ್ನೋ ಊರಲ್ಲಿದ್ದ ನಮ್ಮ ಹಳೇ ಮನೇಲಿ ಊಟ ಮಾಡಿ ಇನ್ನೂ ಬದುಕಿದೀರಿ ಅಂತ ಅರ್ಥ. ಮೊನ್ನೆ ಅಟ್ಲಾಂಟಾದಲ್ಲಿ ನಮ್ಮ ಕಾಲೇಜ್ ಡಾರ್ಮಿನ ಅಡಿಗೆಮನೇಲಿ ಯಾವನೋ ಹುಡುಗ ಚಿಲಿ ಮಾಡ್ತಾ, ಫೋನ್ ನೋಡ್ಕೊಂಡು ಅದಕ್ಕೆ ಅರ್ಧ ಕಪ್ ಕಾಫಿ ಸುರಿದ. ನಾನು ಬಟ್ಟೆ ಬುಟ್ಟಿ ಹಿಡ್ಕೊಂಡು ಕಾರಿಡಾರಲ್ಲೇ ನಿಂತುಬಿಟ್ಟೆ. ಅವನು ಬೇಕಾ ಅಂತ ಕೇಳಿದ. ಬೇಡ ಅಂದೆ. ಕಣ್ಣಲ್ಲಿ ನೀರು ಬಂದಿತ್ತು, ಅವನು ಈರುಳ್ಳಿ ಘಾಟು ಅಂದ್ಕೊಂಡ. ನಾನೂ ಹಾಗೇ ಅಂದ್ಕೊಳ್ಳಲಿ ಅಂತ ಬಿಟ್ಟೆ.

ಚಿಲಿ ಅಂದ್ರೆ ಇಲ್ಲಿಯವರ ಹುಳಿ ಅಂದ್ಕೊಳ್ಳಿ. ಅವರು ಮಾಂಸ ಹಾಕ್ತಾರೆ, ನಾವು ಬರೀ ರಾಜ್ಮಾ ಹಾಕ್ತಿದ್ವಿ. ಲಾಕ್‌ಡೌನ್‌ನಲ್ಲಿ ಎಲ್ಲರ ಅಪ್ಪಂದಿರೂ ಏನೇನೋ ಕಲಿತ್ರಲ್ಲ, ನಮ್ಮಪ್ಪ ಎದುರುಮನೆ ಡೇವ್ ಅಂಕಲ್ ಹತ್ರ ಚಿಲಿ ಕಲಿತ್ರು. ಪ್ರತಿ ಶನಿವಾರ ಮಾಡೋರು. ನನಗಾಗ ಹದಿಮೂರು, ಕೆಲಸ ಇಲ್ಲ, ಕೈ ಸುಮ್ಮನಿರಲ್ಲ. ಅಪ್ಪ ಆಫೀಸ್ ಕಾಲ್ ಅಂತ ಅತ್ತ ಹೋದ ತಕ್ಷಣ ನಾನು ಪಾತ್ರೆಗೆ ಏನಾದ್ರೂ ಸೇರಿಸ್ತಿದ್ದೆ. ಡಿಕಾಕ್ಷನ್ ಹಾಕಿದ್ದು ಹಾಗೆ. ಚೆನ್ನಾಗಿ ಬಂತು, ಅದೇ ದೊಡ್ಡ ಅನಾಹುತ ಆಯ್ತು, ಯಾಕಂದ್ರೆ ನನ್ನನ್ನ ನಾನೇ ದೊಡ್ಡ ಶೆಫ್ ಅಂದ್ಕೊಂಡುಬಿಟ್ಟೆ. ಆಮೇಲೆ ಕೋಕೋ ಪುಡಿ, ಬಿಸಿಬೇಳೆಬಾತ್ ಪುಡಿ, ಗಟ್ಟಿಯಾಗ್ಲಿ ಅಂತ ರಾಗಿಹಿಟ್ಟು. ಹಿಟ್ಟು ಗಂಟುಗಂಟಾಗಿ, ಅಪ್ಪ ಒಂದೊಂದು ಗಂಟನ್ನೂ ರಾಜ್ಮಾ ಅಂತ ಅಗಿದು, ಈ ಸಲ ಬೀನ್ಸ್ ಯಾಕೋ ಬೇರೆ ಥರ ಇದೆ ಅಂದಿದ್ರು.

ಮನೇಲಿ ಆಗ ಅಪ್ಪನ ಅಮ್ಮ, ನಮ್ಮಜ್ಜಿ, ಇದ್ರು. ಮೈಸೂರಲ್ಲಿ ಮಗಳ, ಅಂದ್ರೆ ನಮ್ಮತ್ತೆ ಮನೇಲಿದ್ದೋರು ಆರು ತಿಂಗಳಿಗೆ ಅಂತ ಬಂದು, ಫ್ಲೈಟ್ ನಿಂತು, ಇಲ್ಲೇ ಉಳ್ಕೊಂಡುಬಿಟ್ಟಿದ್ರು. ಅವರು ಬಂದ ದಿನದಿಂದ ಅಡಿಗೆಮನೆ ಅವರದ್ದು. ಅಮ್ಮ ಸ್ವಲ್ಪ ದಿನ ಮುಖ ಊದಿಸ್ಕೊಂಡು, ಆಮೇಲೆ ಅವರ ಸಾರು ತಿಂದು ಸೋತುಹೋದಳು. ಅಜ್ಜಿ ಅಡಿಗೆ ಮಾಡೋವಾಗ ಒಂದು ಹನಿಯನ್ನೂ ನಾಲಿಗೆಗೆ ಹಾಕ್ತಿರಲಿಲ್ಲ. ದೇವರಿಗೆ ಇಡೋ ಮುಂಚೆ ರುಚಿ ನೋಡಿದ್ರೆ ಎಂಜಲು. ಹಾಗಾದ್ರೆ ಉಪ್ಪು ಹೇಗೆ ಗೊತ್ತಾಗತ್ತೆ? ವಾಸನೇಲಿ. ಅದೂ ಪಾತ್ರೆ ಮೇಲೆ ಬಗ್ಗಿ ಮೂಸೋ ಹಾಗಿಲ್ಲ. ಒಲೆಯಿಂದ ಒಂದು ಮಾರು ದೂರ ಸೊಂಟದ ಮೇಲೆ ಕೈ ಇಟ್ಕೊಂಡು ನಿಲ್ಲೋರು. ಮೂಗು ಹೋಗಬಾರದು, ಹಬೆ ತಾನೇ ಬರತ್ತೆ ಅನ್ನೋರು. ಬಂದ ಹಬೇಲಿ ಅವರಿಗೆ ಉಪ್ಪು, ಹುಳಿ, ಬೇಳೆ ಬೆಂದಿದ್ದು, ಪಕ್ಕದಲ್ಲಿ ನಿಂತಿರೋ ಮೊಮ್ಮಗ ಹಲ್ಲುಜ್ಜದೇ ಬಂದಿರೋದು, ಎಲ್ಲಾ ಗೊತ್ತಾಗ್ತಿತ್ತು.

ಆ ಚಳಿಗಾಲ ನಮಗೆಲ್ಲ ಕೋವಿಡ್ ಬಂತು. ನನಗೆ ಎರಡು ದಿನ ಜ್ವರ, ನಾಲ್ಕು ದಿನ ನಾಟಕ. ಅಜ್ಜಿಗೂ ಜಾಸ್ತಿ ಏನೂ ಆಗ್ಲಿಲ್ಲ, ಎದ್ದು ಓಡಾಡಿದ್ರು, ಎಲ್ಲರೂ ಉಸಿರು ಬಿಟ್ವಿ. ಒಂದು ಬೆಳಿಗ್ಗೆ ಮೆಂತ್ಯ ಹುರೀತಾ ಇದ್ರು. ಮೆಂತ್ಯ ಕಪ್ಪಾಯ್ತು, ಹೊಗೆ ಬಂತು, ಅಜ್ಜಿ ಅದರ ಮುಂದೇನೇ ನಿಂತು ಏನೋ ಗುನುಗ್ತಾ ಕೈಯಾಡಿಸ್ತಿದ್ರು. ಅಮ್ಮ ಓಡಿಬಂದು ಒಲೆ ಆರಿಸಿದಳು. ಅಜ್ಜಿ ಬಾಣಲೆ ನೋಡಿದ್ರು, ಅಮ್ಮನ್ನ ನೋಡಿದ್ರು, ಸೌಟು ಕೆಳಗಿಟ್ಟು ಒಳಗೆ ಹೋದ್ರು.

ಡಾಕ್ಟರು ವಿಡಿಯೋದಲ್ಲಿ, ದಿನಾ ಘಾಟಾಗಿರೋದನ್ನ ಮೂಸ್ತಾ ಇರಿ, ವಾಸನೆ ವಾಪಸ್ ಬರಬಹುದು, ಬರದೇನೂ ಇರಬಹುದು ಅಂದ್ರು. ನಾನು ಮೊದಲನೇ ಅರ್ಧ ಮಾತ್ರ ಕೇಳಿಸ್ಕೊಂಡೆ. ಆ ಶನಿವಾರದ ಚಿಲಿಗೆ ಇಡೀ ಡಬ್ಬ ಇಂಗು ಸುರಿದೆ. ಇಷ್ಟು ಹಾಕಿದ್ರೆ ಅಜ್ಜಿಗೇನು, ಪಕ್ಕದ ರಾಜ್ಯ ಸೌತ್ ಕೆರೊಲಿನಾಗೂ ಗೊತ್ತಾಗತ್ತೆ ಅಂತ ನನ್ನ ಲೆಕ್ಕ. ಅರ್ಧ ಗಂಟೇಲಿ ಪಕ್ಕದ ಮನೆಯವರು ಗ್ಯಾಸ್ ಲೀಕ್ ಅಂತ ಫೋನ್ ಮಾಡಿ, ಫೈರ್ ಇಂಜಿನ್ನೇ ಬಂತು. ಹೆಲ್ಮೆಟ್ ಹಾಕಿರೋ ದಾಂಡಿಗರು ಒಳಗೆ ಬಂದು ನಮ್ಮ ಪಾತ್ರೆ ಸುತ್ತ ನಿಂತ್ರು. ಅಪ್ಪ ಇಂಗನ್ನ ಇಂಗ್ಲಿಷಲ್ಲಿ ವಿವರಿಸೋಕೆ ಹೋಗಿ ಬೆವೆತು ಹೋದ್ರು. ನಾನು ನಗು ತಡೀಲಾರದೆ ಸೋಫಾ ಹಿಂದೆ ಕೂತಿದ್ದೆ. ಆಗ ಅಜ್ಜಿ ಕಂಡ್ರು. ಡೈನಿಂಗ್ ಟೇಬಲ್ ಹತ್ರ ಅವರೆಕಾಯಿ ಸುಲೀತಾ ಕೂತಿದ್ರು. ಇವರೆಲ್ಲ ಯಾಕೆ ಬಂದಿದಾರೋ ಪುಟ್ಟ ಅಂತ ಮೆಲ್ಲಗೆ ಕೇಳಿದ್ರು. ನಗು ಅಲ್ಲೇ ನಿಂತುಹೋಯ್ತು. ಆವತ್ತಿಂದ ನಮ್ಮನೇಲಿ ಆ ಇಂಗಿನ ಕಥೆ ಯಾರೂ ಹೇಳಲ್ಲ. ಬೇರೆಯವರ ಮನೆ ಆಗಿದ್ರೆ ಈಗಲೂ ಹೇಳ್ಕೊಂಡು ನಗ್ತಿದ್ರು.

ಅಜ್ಜಿಗೆ ಊಟದ ಚಿಂತೆ ಇರಲಿಲ್ಲ. ಆಶ್ವಯುಜದಲ್ಲಿ ತಾತನ ತಿಥಿ, ಅದರ ಚಿಂತೆ. ತಾತ ಹೋದಾಗಿಂದ ಆ ಅಡಿಗೆ ಅಜ್ಜಿದೇ, ಮೈಸೂರಲ್ಲಿ ಅತ್ತೇನೂ ಒಲೆ ಹತ್ರ ಬಿಡ್ತಿರಲಿಲ್ಲ. ತಿಥಿ ಅಡಿಗೇನ ನಾಲಿಗೇಲಿ ನೋಡೋ ಹಾಗಿಲ್ಲ, ಮೂಗು ಸತ್ತಿದೆ. ಅಮ್ಮ ಒಂದು ದಿನ, ಈ ಸಲ ನಾನು ಮಾಡ್ಲಾ ಅತ್ತೆ ಅಂತ ಕೇಳಿದ್ಲು. ಒಳ್ಳೇ ಮನಸ್ಸಿಂದಾನೇ ಕೇಳಿದ್ದು. ಅಜ್ಜಿ ಎರಡು ದಿನ ರೂಮಿಂದ ಸರಿಯಾಗಿ ಹೊರಗೆ ಬರಲಿಲ್ಲ.

ಬಂದಿದ್ದು ಶನಿವಾರ. ಅಪ್ಪನ ಚಿಲಿ ಕುದೀತಾ ಇತ್ತು. ಅಜ್ಜಿ ಬಂದು, ಇದು ದೇವರಿಗೆ ಇಡೋದಲ್ವಲ್ಲ ಅಂದ್ರು. ಬೆಳ್ಳುಳ್ಳಿ ಹಾಕಿದೀನಮ್ಮ, ಹೇಗೆ ಇಡೋದು ಅಂದ್ರು ಅಪ್ಪ. ಅಜ್ಜಿ ಸೌಟು ತಗೊಂಡು, ಒಂದು ಹನಿ ಅಂಗೈಗೆ ಹಾಕ್ಕೊಂಡು ನೆಕ್ಕಿದ್ರು. ಅಪ್ಪ ಬಾಯಿ ಬಿಟ್ಕೊಂಡು ನೋಡ್ತಿದ್ರು. ತಮ್ಮಮ್ಮ ಕುದಿಯೋ ಪಾತ್ರೆಯಿಂದ ರುಚಿ ನೋಡಿದ್ದನ್ನ ಅವರು ಹುಟ್ಟಿದಾಗಿಂದ ನೋಡಿರಲಿಲ್ಲ. ಘಮ ಇಲ್ಲದಿದ್ರೂ ನಾಲಿಗೆಗೆ ಉಪ್ಪು, ಹುಳಿ ತಿಳೀತಿತ್ತು. ಅಜ್ಜಿ ನನ್ನ ಕಡೆ ತಿರುಗಿ, ಉಪ್ಪು ಸಾಲದು, ಈ ವಾಸನೆ ಚೆನ್ನಾಗಿ ತಗೋ ಅಂದ್ರು. ಉಪ್ಪು ಹಾಕಿದ್ರು, ಕುದಿಸಿದ್ರು, ಮತ್ತೆ ನೆಕ್ಕಿದ್ರು. ಈಗ ಸರಿ ಇದೆ, ಈಗಿಂದನ್ನೂ ತಗೋ.

ಹಾಗೆ ತಿಥಿಗೆ ಅಂತ ನಾನು ಅಜ್ಜಿಯ ಮೂಗಾದೆ. ಇಡೀ ಬೇಸಿಗೆ ಶನಿವಾರ ಶನಿವಾರ ಅವರು ನಾಲಿಗೆ, ನಾನು ಮೂಗು. ಹುಣಸೆರಸ ಹಾಕಿದ್ರೆ ಹಬೆ ಹೇಗೆ ಮೂಗಿನ ತುದಿ ಕಚ್ಚತ್ತೆ, ಬೆಲ್ಲ ಹಾಕಿದ್ರೆ ಹೇಗೆ ಹಿಂದೆ ಸರಿಯತ್ತೆ ಅಂತ ಒಂದು ಮಾರು ದೂರ ನಿಲ್ಲಿಸಿ ಕೇಳೋರು. ನಾನು ಬಗ್ಗಿದ್ರೆ ಕಾಲರ್ ಹಿಡಿದು ಹಿಂದಕ್ಕೆ ಎಳೆಯೋರು. ಪಾಠಕ್ಕೆ ಅಂತ ಚಿಲಿಗೆ ಹಾಕದೇ ಇರೋದೇ ಉಳೀಲಿಲ್ಲ: ಕಡಲೆಕಾಯಿ ಬೆಣ್ಣೆ, ಮರಾಠಿ ಮೊಗ್ಗು, ಒಣಕೊಬ್ಬರಿ, ನಿಂಬೆ ಉಪ್ಪಿನಕಾಯಿ ರಸ. ಹತ್ತರಲ್ಲಿ ಎಂಟು ಸಲ ತಪ್ಪು ಹೇಳ್ತಿದ್ದೆ. ಮಿಕ್ಕಿದ ಎರಡು ಸಲ ಅದೃಷ್ಟ. ಬೀದಿ ಕೊನೇಲಿ ಚಿಲಿ ಕಾಂಪಿಟಿಷನ್ ಆದಾಗ ನಮ್ಮದು ಕೊನೇ ಸ್ಥಾನ ಬಂತು. ಅದಕ್ಕಿಂತ ಕೆಳಗೆ ಸ್ಥಾನ ಇರಲಿಲ್ಲ ಅಷ್ಟೆ.

ತಿಥಿ ದಿನ ಪುರೋಹಿತರು ಲ್ಯಾಪ್‌ಟಾಪಲ್ಲಿ ಮಂತ್ರ ಹೇಳ್ತಿದ್ರು, ಅಪ್ಪ ಮೈಕ್ ಮ್ಯೂಟ್ ಮಾಡ್ಕೊಂಡು ದರ್ಭೆ ಹಿಡಿದು ಕೂತಿದ್ರು. ಅಡಿಗೆಮನೇಲಿ ಒದ್ದೆ ಪಂಚೇಲಿ ನಾನು, ಪಕ್ಕ ಅಜ್ಜಿ, ಎದುರಿಗೆ ಕುದಿಯೋ ಮೆಣಸಿನ ಸಾರು. ಅಜ್ಜಿ ಮೆಲ್ಲಗೆ ಕೇಳಿದ್ರು, "ಏನು ಹೇಳತ್ತೋ?" ನಾನು ಕಣ್ಣು ಮುಚ್ಚಿ ನಿಂತೆ. ಜೀವನದಲ್ಲಿ ಅಷ್ಟು ಸೀರಿಯಸ್ಸಾಗಿ ಯಾವ ಪರೀಕ್ಷೇನೂ ಬರೆದಿಲ್ಲ. ಇನ್ನೂ ಸ್ವಲ್ಪ ಉಪ್ಪು ಬೇಕು ಅಂದೆ. ಹಾಕಿದ್ರು. ಇನ್ನೂ ಸ್ವಲ್ಪ ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿ, ಅದನ್ನೂ ಹಾಕಿದ್ರು.

ತಿಥಿ ಊಟದಲ್ಲಿ ಅಡಿಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಆಡೋ ಹಾಗಿಲ್ಲ. ಅದು ನನ್ನ ಪುಣ್ಯ. ಸಾರು ಸಮುದ್ರ ಆಗಿತ್ತು. ಅಪ್ಪ ತಲೆ ಬಗ್ಗಿಸಿ ಅನ್ನದ ಮೇಲೆ ಅನ್ನ ಕಲೆಸಿದ್ರು. ಅಮ್ಮ ಲೋಟ ಲೋಟ ನೀರು ಕುಡಿದಳು. ಅಜ್ಜಿ ಎಲ್ಲರಾದ ಮೇಲೆ ಕೂತು, ಸಾರು ಪೂರ್ತಿ ತಿಂದ್ರು. ನಾಲಿಗೆ ಸುಳ್ಳು ಹೇಳಲ್ಲ, ಅವರಿಗೆ ಗೊತ್ತಾಗಿತ್ತು. ನಾನು ಪಾತ್ರೆ ತೊಳೆಯೋ ನೆಪದಲ್ಲಿ ಸಿಂಕಿಗೆ ಮುಖ ಹಾಕಿ ನಿಂತಿದ್ದೆ, ಅಳು ಬಂದಿತ್ತು. ಅಜ್ಜಿ ಹಿಂದೆ ಬಂದು ನಿಂತ್ರು.

"ನಿಮ್ಮ ತಾತನಿಗೆ ಬಿ.ಪಿ. ಇತ್ತು ಕಣೋ. ಕೊನೇವರೆಗೂ ಸಪ್ಪೇದೇ ಬಡಿಸಿದೆ, ಬೈಕೊಂಡೇ ತಿಂದ್ರು. ಇನ್ನೇನಾಗ್ಬೇಕು ಅವರಿಗೆ, ಒಂದಿನ ಉಪ್ಪಾಗಿ ತಿನ್ನಲಿ ಬಿಡು."

ಅದಾದ ಮೇಲೆ ಅವರು ವಾಪಸ್ ಹೋದ್ರು. ಫೋನ್ ಮಾಡಿದಾಗೆಲ್ಲ ವಾಸನೆ ಬಂತಾ ಅಜ್ಜಿ ಅಂತ ಕೇಳ್ತಿದ್ದೆ. ಇಲ್ಲ, ಅಭ್ಯಾಸ ಆಯ್ತು ಅನ್ನೋರು. ಆಮೇಲಾಮೇಲೆ ನಾನು ಕೇಳೋದು ಬಿಟ್ಟೆ. ಅಪ್ಪನ ಪ್ರಾಜೆಕ್ಟ್ ಮುಗಿದು ಏಪೆಕ್ಸ್ ಮನೆ ಮಾರಿ, ಎಲಿಕಾಟ್ ಸಿಟಿಯ ಬಾಡಿಗೆ ಮನೆಗೆ ಹೋದ್ವಿ. ಅಲ್ಲಿದ್ದಾಗಲೇ ಮೈಸೂರಿಂದ ಅತ್ತೆ ಫೋನ್ ಬಂತು. ಅಪ್ಪ ಒಬ್ಬರೇ ಹೋಗಿ ಬಂದ್ರು.

ಅಜ್ಜಿಯ ಮೊದಲನೇ ವರ್ಷದ ತಿಥಿಗೆ ನಾನು ಅಟ್ಲಾಂಟಾದಿಂದ ಎಲಿಕಾಟ್ ಸಿಟಿಗೆ ಹೋಗಿದ್ದೆ. ಹೋದವರಿಗೆ ಇಷ್ಟವಾದದ್ದನ್ನ ಮಾಡ್ಬೇಕು ಅಂತಾರೆ. ಅಮ್ಮ ಅಪ್ಪನ್ನ ಕೇಳಿದಳು, ಅಪ್ಪ ಅತ್ತೆಗೆ ಫೋನ್ ಮಾಡಿ ಕೇಳಿದ್ರು. ಅಜ್ಜಿಗೆ ಏನಿಷ್ಟ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊನೆಗೆ ಎಲ್ಲರ ಮನೇಲಿ ಮಾಡೋದನ್ನೇ ಮಾಡಿದ್ವಿ. ಸಾರು ಕುದಿಯೋಕೆ ಶುರುವಾದಾಗ ಅಮ್ಮ ಒಲೆಯಿಂದ ಪಕ್ಕಕ್ಕೆ ಸರಿದಳು. ನಾನು ಒಂದು ಮಾರು ದೂರದಲ್ಲಿ ನಿಂತೆ. ಹಬೆ ಬಂತು. ಉಪ್ಪು ಸಾಕೋ ಬೇಕೋ ನನಗೆ ತಿಳೀಲಿಲ್ಲ. ಅಮ್ಮ ಉಪ್ಪಿನ ಡಬ್ಬ ಹಿಡ್ಕೊಂಡು ಕಾಯ್ತಾ ಇದ್ದಳು, ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.