ಪಚ್ಚಿ ಹೇಳದೆ ಬಿಟ್ಟ ಊರು

ರಬಾಳೆಯಲ್ಲಿ ಹಳೆ ಮಷೀನು ಕೊಂಡು ಮಾರುವ ಧಂದೆ ನನ್ನದು. ಮಷೀನನ್ನು ಓಡುತ್ತಿರುವಾಗಲೇ ನೋಡಬೇಕು. ಬಣ್ಣ ಬಳಿದ ಮೇಲೆ ನೋಡಿದಿರೋ, ಮೋಸ ಹೋದಿರಿ. ಮುದುಕರ ನೆನಪೂ ಹಾಗೆಯೇ ಎಂದು ನಮ್ಮ ಸಮಾಜದವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

ನಾವು ಕೊಂಕಣಿಗರು. ಗೋವಾದಿಂದ ಉಡುಪಿ ಕಡೆಗೆ, ಅಲ್ಲಿಂದ ಡೊಂಬಿವಿಲಿಗೆ ಬಂದವರು. ಮದುವೆಗೆ ಮುಂಚೆ ಉದ್ದು ಬೀಸುವ ಶಾಸ್ತ್ರದಲ್ಲಿ ನಮ್ಮ ಮನೆಯ ಹಿರಿಯ ಹೆಂಗಸು ಬೀಸುಕಲ್ಲಿಗೆ ಒಂದೊಂದು ಹಿಡಿ ಹಾಕುತ್ತ, ಹಿರಿಯರು ಬಿಟ್ಟುಬಂದ ಒಂದೊಂದು ಊರಿನ ಹೆಸರು ಹಿಡಿದು, ಅಲ್ಲೇ ಉಳಿದವರನ್ನು ಮದುವೆಗೆ ಕರೆಯುತ್ತಾಳೆ. ಆ ಊರುಗಳು ಗೊತ್ತಿದ್ದದ್ದು ನನ್ನ ಚಿಕ್ಕಪ್ಪನ ಹೆಂಡತಿಗೆ, ಅಂದರೆ ಪಚ್ಚಿಗೆ ಮಾತ್ರ. ಅವಳ ಮೊದಲ ಹಿಡಿ ಗೋವಾದ ಒಂದು ಹಳ್ಳಿಗೆ: "ತಮ್ಮನಿಗೆ ಬಾಗಿಲು ತೆಗೆಯದ ಅಣ್ಣನ ಮನೆಯವರೇ, ಸಿಟ್ಟು ಬಿಟ್ಟು ಬನ್ನಿ." ಹೆಂಗಸರ ಗಲಾಟೆಯಲ್ಲಿ ಆ ಹಳ್ಳಿಯ ಹೆಸರು ನನ್ನ ಕಿವಿಗೆ ಎಂದೂ ಸರಿಯಾಗಿ ಬಿದ್ದಿರಲಿಲ್ಲ.

ನಮ್ಮ ವಲಸೆಯ ಪುಸ್ತಕ ತರಲು ಸಮಿತಿಯಾಯಿತು. ಬೇಲಾಪುರದ ನಿವೃತ್ತ ಅಧಿಕಾರಿಯೊಬ್ಬರು, "ಧರ್ಮ ಉಳಿಸ್ಲಿಕ್ಕೆ ದೇವರನ್ನು ಹೊತ್ತು ಓಡಿ ಬಂದದ್ದು," ಎಂದರು. ಮಾಜಿವಾಡಾದ ಗೋಡಂಬಿ ವ್ಯಾಪಾರಿ ಬಿಡಲಿಲ್ಲ: "ಓಡುದು ಎಂತಕ್ಕೆ ಮಾರಾಯ್ರೆ? ಅಕ್ಕಿ ವ್ಯಾಪಾರಕ್ಕೆ ಹಡಗು ಹತ್ತಿದ್ದು." ಪಚ್ಚಿ ಹೇಳುವ ಹಾಗೆ ಅಣ್ಣತಮ್ಮಂದಿರ ಜಗಳದಿಂದ ಊರು ಬಿಟ್ಟದ್ದು ಎಂಬುದು ಇಬ್ಬರಿಗೂ ಬೇಡ.

"ಮೊದಲು ಪಚ್ಚಿ ಹೇಳುದನ್ನು ರೆಕಾರ್ಡ್ ಮಾಡಿ, ಆಮೇಲೆ ಹೊಡೆದಾಡಿ," ಎಂದೆ.

"ಇದು ನಿಮ್ಮ ಗುಜರಿ ಮಾಲಲ್ಲ, ಇತಿಹಾಸ," ಎಂದು ಅಧಿಕಾರಿ ನಕ್ಕರು.

ಆಮೇಲೆ ಭಾನುವಾರ ಬಂತೆಂದರೆ ಇಬ್ಬರಲ್ಲಿ ಒಬ್ಬರು ಹಣ್ಣು ಹಿಡಿದು ಪಚ್ಚಿಯ ಫ್ಲ್ಯಾಟಿಗೆ ಬಂದು ಕೂರುವರು, ಅವಳ ಮಾತನ್ನು ತಿದ್ದುವರು. ಕೇಳುವವರೇ ಇಲ್ಲದ ಅವಳಿಗೆ ಅದೇ ಹಬ್ಬ. "ಓದಿದವರು ಹೇಳ್ತಾರೆ, ಇದ್ದರೂ ಇರಬಹುದಲ್ವಾ," ಎನ್ನತೊಡಗಿದಳು. ನಾನು ಇಬ್ಬರ ಜೊತೆಗೂ ಚೌಕಾಸಿ ಮಾಡಿದೆ: ನಿಮ್ಮದಕ್ಕೊಂದು ಅಧ್ಯಾಯ, ಅವರದಕ್ಕೊಂದು, ಪಚ್ಚಿಯದನ್ನು ಮುಟ್ಟಬೇಡಿ. ಒಪ್ಪಿಸುವಷ್ಟರಲ್ಲಿ ಮಳೆಗಾಲ ಕಳೆದಿತ್ತು.

ರೆಕಾರ್ಡಿಂಗಿನ ದಿನ ಅವರಿಬ್ಬರೂ ಬಂದು ಕೂತರು. ಫ್ಯಾನು ನಿಲ್ಲಿಸಿ, ಬೀಸುಕಲ್ಲು ಇಟ್ಟು, ಮೊಬೈಲು ಹಚ್ಚಿದೆವು. ಪಚ್ಚಿ ಮೊದಲ ಹಿಡಿ ಹಾಕಿ, "ಧರ್ಮಕ್ಕಾಗಿ ಹೊರಟವರೇ, ಬನ್ನಿ," ಎಂದಳು. ಎರಡನೆಯದಕ್ಕೆ, "ಹಡಗಿನಲ್ಲಿ ಬಂದವರೇ." ಆಮೇಲೆ ಕೈ ನಿಂತಿತು.

"ಪಚ್ಚೀ, ಅಣ್ಣ ಬಾಗಿಲು ತೆಗೆಯದ ಊರು? ಅದರ ಹೆಸರು?"

"ಅಂಥಾ ಊರು ಎಲ್ಲಿ ಉಂಟೋ? ನಮ್ಮವರು ಹಾಗೆ ಮಾಡುವವರಾ?"

ಕೆದಕಿ ನೋಡಿದೆ, ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಅವಳು ಯಾರದೋ ಮನೆಯ ಸುದ್ದಿ ಎಂಬಂತೆ ಕೇಳಿಸಿಕೊಂಡು, "ಪಾಪ" ಎಂದಳು. ಅಧಿಕಾರಿ, ವ್ಯಾಪಾರಿ ಒಬ್ಬರ ಕೈ ಒಬ್ಬರು ಕುಲುಕಿದರು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳಿದ್ದರೆ ಇವತ್ತೇ ಹೋಗಿ ಕೂತು ಕೇಳಿ, ಸಮಿತಿಗೆ ಮಾತ್ರ ಹೇಳಬೇಡಿ.

ಅವರು ಲಿಫ್ಟಿನತ್ತ ಹೋದ ಮೇಲೆ ಪಚ್ಚಿ ನನ್ನ ತೋಳು ಹಿಡಿದಳು. "ಸರಿ ಹೇಳಿದೆನಾ? ಅವರಿಗೆ ಖುಷಿ ಆಯ್ತಾ?"

"ಆಯ್ತು ಪಚ್ಚಿ," ಎಂದೆ.