ಟಂಟಂನಲ್ಲಿ ಮೀನುಮರಿ: ಹತ್ತಿಕುಣಿಯಿಂದ ಹುಣಸಗಿಗೆ

ಹತ್ತಿಕುಣಿ ಬಿಟ್ಟಾಗ ಬೆಳಗಿನ ಆರು ಗಂಟೆ. ಮೂರು ಗಾಲಿಯ ಟಂಟಂನಲ್ಲಿ ನಾನು, ಅದನ್ನು ಓಡಿಸುವ ಮಲ್ಲಣ್ಣ ಮತ್ತು ಹಿಂದೆ ಎಂಟು ಪ್ಲಾಸ್ಟಿಕ್ ಚೀಲಗಳಲ್ಲಿ ಕಾಟ್ಲಾ, ರೋಹು ಮರಿಗಳು. ಚೀಲಗಳಿಗೆ ನೀರು, ಆಕ್ಸಿಜನ್ ತುಂಬಿ ಬಾಯಿ ಬಿಗಿದು, ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದ್ದರು. ತಟ್ಟು ಒಣಗಬಾರದು, ನಡುಮಧ್ಯಾಹ್ನದೊಳಗೆ ಮುಟ್ಟಿಸಬೇಕು ಎಂದು ಮರಿ ಕೊಟ್ಟವರು ಎರಡೆರಡು ಸಲ ಹೇಳಿದ್ದರು.

ಮರಿಗಳು ಹೋಗಬೇಕಿದ್ದದ್ದು ಹುಣಸಗಿ ಹತ್ತಿರ, ನನ್ನ ತಂಗಿ ನಾಗಮ್ಮನ ಹೊಲಕ್ಕೆ. ಕಾಲುವೆ ಬಂದ ಮೇಲೆ ಊರಿಗೆಲ್ಲ ಭತ್ತ ಬಂತು. ಇವಳ ಎರಡೆಕರೆಗೆ ಮಾತ್ರ ಬಸಿನೀರು ಬಂದು ನಿಂತಿತು. ಬೆಳೆ ಆಗದ ಆ ಜವಳು ನೆಲದಲ್ಲಿ ಅವಳ ಗಂಡ ದೇವಪ್ಪ ಮೀನಿನ ಹೊಂಡ ತೋಡಿದ. ಹೋದ ವರ್ಷ ಬಸ್ಸಿನ ಮೇಲೆ ತಂದ ಮರಿಗಳೆಲ್ಲ ಬಿಸಿಲಿಗೆ ಸೊರಗಿ, ಹೊಂಡಕ್ಕೆ ಬಿಟ್ಟೊಡನೆ ಸತ್ತು ತೇಲಿದ್ದವು. ಈ ಸಲವೂ ಸತ್ತರೆ ಹೊಂಡ ಮುಚ್ಚಿ ಕೂಲಿಗೆ ಹೋಗುವುದೆಂದು ನಾಗಮ್ಮ ಹೇಳಿಬಿಟ್ಟಿದ್ದಳು. ಯಾದಗಿರಿಯಲ್ಲಿ ಮಾಸ್ತರಿಕೆ ಮಾಡುವ ನಾನು ರಜೆ ಹಾಕಿ, ನಾನೇ ತರುತ್ತೇನೆಂದು ದೊಡ್ಡಸ್ತಿಕೆಯಿಂದ ಒಪ್ಪಿಕೊಂಡಿದ್ದೆ.

ಭೀಮಾ ಸೇತುವೆಯ ಮೇಲೆ ಎದುರಿಗೆ ಟಂಟಂ ಬಂದಾಗ ಮಲ್ಲಣ್ಣ ಕೈ ಎತ್ತಿದ. ಆ ಕಡೆಯವನೂ ಎತ್ತಿದ. ಪರಿಚಯದವನೇ ಎಂದು ಕೇಳಿದರೆ, ಅಲ್ಲ, ಟಂಟಂನವರೆಲ್ಲ ಹಾಗೇ ಎಂದ. ಲಾರಿ, ಜೀಪುಗಳಿಗೆ ಎತ್ತುವುದಿಲ್ಲ. ಶಹಾಪುರ ಮುಟ್ಟುವುದರೊಳಗೆ ನನಗೂ ಚಟ ಹತ್ತಿ, ಅವನಿಗಿಂತ ಮೊದಲೇ ಕೈ ಎತ್ತತೊಡಗಿದ್ದೆ. ಶಾಲೆಯಲ್ಲಿ ಇಷ್ಟು ಜನ ಒಂದೇ ಬೆಳಿಗ್ಗೆ ನನಗೆ ನಮಸ್ಕಾರ ಮಾಡಿದ್ದಿಲ್ಲ.

ಶಹಾಪುರದಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದೆವು. ಮಿರ್ಚಿ ಬಿಸಿಯಿತ್ತು, ಚಹಾ ಆರಿತ್ತು. ಸುರಪುರದ ಬೋರಿನಲ್ಲಿ ತಟ್ಟುಗಳಿಗೆ ನೀರು ಹೊಡೆದು ಮುಂದೆ ಹೋದೆವು. ಗುಡ್ಡ ದಾಟಿ ಏಳೆಂಟು ಕಿಲೋಮೀಟರು ಹೋಗಿರಬೇಕು, ಕ್ಲಚ್ ವಾಯರ್ ಹರಿಯಿತು. ಬೇರೆ ವಾಯರ್ ಇರಲಿಲ್ಲ; ಜೊತೆಗಿಟ್ಟುಕೊಂಡಿದ್ದ ಒಂದನ್ನು ಹಿಂದಿನ ವಾರವಷ್ಟೇ ಹಾಕಿದ್ದನಂತೆ. ಹತ್ತು ಗಂಟೆಯ ಬಿಸಿಲು, ಒಂದು ಜಾಲಿಗಿಡದ ನೆರಳೂ ಇಲ್ಲ.

ಮಲ್ಲಣ್ಣ ನನ್ನನ್ನು ತನ್ನ ಸೀಟಿನಲ್ಲಿ ಕೂರಿಸಿ, ಕ್ಲಚ್ಚಿನ ಹಿಡಿ ಒತ್ತಿಕೊಂಡಿರಲು ಹೇಳಿ, ಹರಿದ ವಾಯರಿಗೆ ಗಂಟು ಹಾಕಲು ಕೆಳಗೆ ನುಸುಳಿದ. ಅಷ್ಟರಲ್ಲಿ ಒಂದು ಟಂಟಂ ಬಂತು. ಅದರವನು ವೇಗ ಕಡಿಮೆ ಮಾಡಿ ಕೈ ಎತ್ತಿದ. ನಾನೂ ಎತ್ತಿದೆ. ಅವನು ಹೋಗಿಬಿಟ್ಟ. ಇನ್ನೊಂದು ಬಂತು, ಅದೂ ಹೋಯಿತು. ಇವರ ಸಲಾಮಿಗೆ ಬೆಂಕಿ ಬೀಳಲಿ, ಬರೀ ಕೈ ತೋರಿಸಿ ಹೋಗುತ್ತಾರೆಂದು ನಾನು ಗೊಣಗಿದೆ. ಮಲ್ಲಣ್ಣ ಎಣ್ಣೆ ಮೆತ್ತಿದ ಮುಖ ಹೊರಗೆ ಹಾಕಿದ.

"ಸರ, ನೀವು ಕೈ ಎತ್ತಿದ್ರೇನು?"

"ಹೌದು. ಅವರು ಎತ್ತಿದರು, ನಾನೂ ಎತ್ತಿದೆ."

"ನಿಂತ ಗಾಡಿಯಾಂವ ಕೈ ಎತ್ತಿದ್ರ, ನಂದೇನೂ ತೊಂದ್ರಿ ಇಲ್ಲ, ನೀ ಹೋಗಪಾ ಅಂದಂಗ್ರಿ. ಸುಮ್ಮ ಕುಂತ್ರ ಅವರಽ ನಿಂದರತಾರ."

ಹಿಂದೆ ತಿರುಗಿ ಗೋಣಿತಟ್ಟು ಮುಟ್ಟಿದೆ, ಅಂಚೆಲ್ಲ ಒಣಗಿತ್ತು. ಒಂದು ಚೀಲದಲ್ಲಿ ಮರಿಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ನನ್ನ ಸೌಜನ್ಯವೇ ಇವನ್ನು ಕೊಲ್ಲುತ್ತದೆ ಎನಿಸಿತು.

ಮೂರನೆಯ ಟಂಟಂ ಬರಲು ಬಹಳ ಹೊತ್ತಾಯಿತು. ಕಳೆ ಕೀಳಲು ಹೊರಟ ಹೆಂಗಸರು ತುಂಬಿದ್ದರು. ಡ್ರೈವರ್ ನರೆತ ಗಡ್ಡದವನು, ಕೈ ಎತ್ತಿದ. ನಾನು ಕ್ಲಚ್ಚಿನ ಹಿಡಿಯನ್ನೂ ಬಿಟ್ಟು, ಎರಡೂ ಕೈ ತೊಡೆಯ ಕೆಳಗೆ ಅದುಮಿಕೊಂಡು ಕೂತೆ. ಅವನು ಮುಂದೆ ಹೋಗಿ, ಬದಿಗೆ ತೆಗೆದು, ಇಳಿದು ಬಂದ. ಆಗ ಕೈ ಹೊರತೆಗೆದೆ.

ಚೀಲಗಳನ್ನು ನೋಡಿ ಅವನೆಂದ: "ಜೀವ ಅದಾವಲ್ರಿ. ಮದ್ಲ ನೀರು ಹಾಕ್ರಿ, ವಾಯರ್ ಆಮ್ಯಾಲ ನೋಡೂಣು."

ಯಾರೂ ಕೇಳದೆಯೇ ಹೆಂಗಸರು ಇಳಿದು, ಹೊಲದಾಚೆ ನಮಗೆ ಕಾಣದಿದ್ದ ಮರಿಕಾಲುವೆಯಿಂದ ಬುತ್ತಿಯ ಡಬ್ಬಿ, ಕೊಡಗಳಲ್ಲಿ ನೀರು ತಂದು ತಟ್ಟು ನೆನೆಸಿದರು. ಒಬ್ಬಾಕೆ ತನ್ನ ಟವೆಲ್ಲನ್ನೂ ಒದ್ದೆ ಮಾಡಿ ಹೊದಿಸಿದಳು. ಗಡ್ಡದವನು ತನ್ನಲ್ಲಿದ್ದ ಹೊಸ ವಾಯರ್ ತಂದ; ಡ್ರೈವರ್‌ಗಳಿಬ್ಬರೂ ಅರ್ಧ ಗಂಟೆಯಲ್ಲಿ ಅದನ್ನು ಎಳೆದರು. ನಾನು ರೊಕ್ಕ ತೆಗೆಯಲು ಹೋದರೆ ಮಲ್ಲಣ್ಣ ಕಣ್ಣಲ್ಲೇ ತಡೆದ. ಮುಂದೆ ಇನ್ನೊಬ್ಬ ಟಂಟಂನವನು ನಿಂತಾಗ ತಾನೊಂದು ವಾಯರ್ ಕೊಟ್ಟರೆ ಮುಗಿಯಿತು, ಇದೇ ರಿವಾಜು ಎಂದು ಆಮೇಲೆ ಹೇಳಿದ.

ಹನ್ನೆರಡೂವರೆಗೆ ಹೊಂಡ ಮುಟ್ಟಿದೆವು. ದೇವಪ್ಪ ಚೀಲಗಳನ್ನು ಬಿಚ್ಚದೆ ನೀರಿನ ಮೇಲೆ ತೇಲಿಬಿಟ್ಟ. ಒಳಗಿನ ನೀರಿಗೂ ಹೊಂಡದ ನೀರಿಗೂ ಹೊಂದಿಕೆಯಾಗಬೇಕು, ಅವಸರ ಮಾಡಿದರೆ ಮರಿ ಉಳಿಯುವುದಿಲ್ಲ. ಆ ಕಾಲು ಗಂಟೆ ನಾಗಮ್ಮ ಒಡ್ಡಿನ ಮೇಲೆ ಬೆನ್ನು ತಿರುಗಿಸಿ ನಿಂತಿದ್ದಳು. ಹೋದ ವರ್ಷ ಸತ್ತ ಮರಿಗಳನ್ನೆಲ್ಲ ಬೊಗಸೆ ಬೊಗಸೆ ತೋಡಿ ಹೊರಗೆ ಹಾಕಿದವಳು ಅವಳೇ.

ದೇವಪ್ಪ ಒಂದೊಂದೇ ಚೀಲ ಬಿಚ್ಚಿ ಬಾಯಿ ಬಗ್ಗಿಸಿದ. ಹತ್ತಿಪ್ಪತ್ತು ಮರಿಗಳು ಬೆಳ್ಳಗೆ ಮೇಲೆ ತೇಲಿದವು. ಉಳಿದವು ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಚೆಲ್ಲಾಪಿಲ್ಲಿಯಾಗಿ ಓಡಿದವು.

"ನಾಗಿ, ಈ ಕಡಿ ನೋಡು," ಎಂದ.

ಅವಳು ತಿರುಗಿದಳು. ಸೀರೆ ಎತ್ತಿ ಕಟ್ಟದೆ ಮೊಣಕಾಲುದ್ದ ನೀರಿಗೆ ಇಳಿದು, ಬೊಗಸೆ ಒಡ್ಡಿ ಮುಳುಗಿಸಿ ಎತ್ತಿದಳು. ಮತ್ತೆ ಮುಳುಗಿಸಿ ಎತ್ತಿದಳು. ಎರಡೂ ಸಲ ಬರೀ ನೀರು.

"ಅಣ್ಣಾ," ಎಂದಳು, "ಎಲ್ಲಾ ಓಡತಾವ, ಒಂದೂ ಕೈಗಿ ಸಿಗವಲ್ದು."